ಈಜಿಪ್ಟಿನ ಅಧ್ಯಕ್ಷರನ್ನು ತೂಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಈಜಿಪ್ಟಿನಲ್ಲಿ ಈವರೆಗೆ ಎಷ್ಟು ಮಂದಿ ಅಧ್ಯಕ್ಷರಾಗಿದ್ದಾರೆ? ಒಂದೊಂದು ಕಡೆ ಒಂದೊಂದು ಲೆಕ್ಕ ಸಿಗುತ್ತದಲ್ಲ?

ಹಂಗಾಮಿಗಳನ್ನು ಬಿಟ್ಟರೆ ಆರು ಮಂದಿ: ಮುಹಮ್ಮದ್ ನಗೀಬ್ (1953–54), ಗಮಾಲ್ ಅಬ್ದೆಲ್ ನಾಸರ್ (1956–70), ಅನ್ವರ್ ಸಾದತ್ (1970–81), ಹೊಸ್ನಿ ಮುಬಾರಕ್ (1981–2011), ಮೊಹಮ್ಮದ್ ಮೊರ್ಸಿ (2012–13), ಅಬ್ದೆಲ್ ಫತಾಹ್ ಅಲ್ ಸಿಸಿ (2014ರಿಂದ). ಸಾದತ್ ಹತ್ಯೆಯಾದಾಗ ಎಂಟು ದಿನ ಕುರ್ಚಿಯಲ್ಲಿದ್ದ ಸಂಸತ್ತಿನ ಸ್ಪೀಕರ್ ಸೂಫಿ ಅಬು ತಾಲಿಬ್, ಮೊರ್ಸಿಯ ನಂತರ ಹನ್ನೊಂದು ತಿಂಗಳು ಇದ್ದ ನ್ಯಾಯಾಧೀಶ ಅದ್ಲಿ ಮನ್ಸೂರ್ ಇಬ್ಬರನ್ನೂ ಸೇರಿಸಿದರೆ ಎಂಟು.

ಎರಡು ಖಾಲಿ ಜಾಗಗಳೂ ಇವೆ. 1954ರ ನವೆಂಬರ್‌ನಿಂದ 1956ರ ಜೂನ್‌ವರೆಗೆ ಅಧ್ಯಕ್ಷರೇ ಇರಲಿಲ್ಲ. ನಾಸರ್ ಪ್ರಧಾನಿಯಾಗಿದ್ದುಕೊಂಡೇ ಆಳಿದರು. 2011ರ ಫೆಬ್ರವರಿಯಿಂದ 2012ರ ಜೂನ್‌ವರೆಗೆ ಫೀಲ್ಡ್ ಮಾರ್ಷಲ್ ತಂತಾವಿ ನೇತೃತ್ವದ ಸೇನಾ ಪರಿಷತ್ತು ಆಳಿತು. ಈ ಅವಧಿಗಳಲ್ಲಿ ನಡೆದದ್ದನ್ನು ಹಿಂದಿನವರ ಅಥವಾ ಮುಂದಿನವರ ಖಾತೆಗೆ ಹಾಕುವುದು ಬಹಳ ಕಡೆ ಕಾಣುವ ತಪ್ಪು.

ಹೋಲಿಕೆಯನ್ನು ಎಲ್ಲಿಂದ ಶುರು ಮಾಡಬೇಕು?

ಒಬ್ಬೊಬ್ಬರ ಆಡಳಿತಾವಧಿಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ದಾರಿ ತಪ್ಪುತ್ತದೆ. ಈಜಿಪ್ಟಿನಲ್ಲಿ ಒಬ್ಬರು ಬಿತ್ತಿದ್ದನ್ನು ಇನ್ನೊಬ್ಬರು ಕೊಯ್ದಿದ್ದಾರೆ, ಒಬ್ಬರು ಮಾಡಿದ ಸಾಲವನ್ನು ಮತ್ತೊಬ್ಬರು ತೀರಿಸಿದ್ದಾರೆ. ನೈಲ್ ನದಿಗೆ ಅಸ್ವಾನ್ ಅಣೆಕಟ್ಟು ಕಟ್ಟಿಸಿದ್ದು ನಾಸರ್. 1971ರ ಜನವರಿಯಲ್ಲಿ ಉದ್ಘಾಟಿಸಿದ್ದು ಸಾದತ್. ಎಂಬತ್ತರ ದಶಕದ ಬರದಲ್ಲಿ ಅದರಿಂದ ಉಳಿದುಕೊಂಡದ್ದು ಮುಬಾರಕ್ ಸರ್ಕಾರ. 1967ರಲ್ಲಿ ಇಸ್ರೇಲ್ ವಶಪಡಿಸಿಕೊಂಡಿದ್ದ ಸೈನಾಯ್ ಪರ್ಯಾಯ ದ್ವೀಪದ ವಾಪಸಾತಿಗೆ ಸಹಿ ಹಾಕಿದ್ದು ಸಾದತ್. 1982ರ ಏಪ್ರಿಲ್ 25ರಂದು ಬಾವುಟ ಏರಿದಾಗ ಅಧ್ಯಕ್ಷರಾಗಿದ್ದವರು ಮುಬಾರಕ್.

ಆದ್ದರಿಂದ ಹೀಗೆ ಮಾಡಿ. ಮೊದಲು ಒಂದು ವಿಷಯ ಹಿಡಿಯಿರಿ: ನೀರು, ಭೂಮಿ, ಕಾಲುವೆ, ರೊಟ್ಟಿ, ಸೇನೆ. ನಂತರ ಆ ವಿಷಯದಲ್ಲಿ ನಿರ್ಧಾರ ತೆಗೆದುಕೊಂಡವರು ಯಾರು, ಹಣ ಎಲ್ಲಿಂದ ಬಂತು, ಫಲ ಯಾರ ಕಾಲಕ್ಕೆ ಬಿತ್ತು, ಖರ್ಚಿನ ಬಾಬ್ತು ಯಾರ ತಲೆಗೆ ಬಂತು ಎಂದು ನಾಲ್ಕು ಕಾಲಂ ಎಳೆಯಿರಿ. ಒಬ್ಬರ ಹೆಸರು ನಾಲ್ಕೂ ಕಾಲಂಗಳಲ್ಲಿ ಬರುವುದು ಅಪರೂಪ.

ನಗೀಬ್ ಹೆಸರು ಯಾಕೆ ಅಷ್ಟಾಗಿ ಕೇಳಿಸುವುದಿಲ್ಲ?

1952ರ ಜುಲೈ 23ರ ಸೇನಾ ಕ್ರಾಂತಿಗೆ ಹಿರಿಯ ಮುಖ ಬೇಕಿತ್ತು, ನಗೀಬ್ ಆ ಮುಖವಾದರು. 1953ರ ಜೂನ್ 18ರಂದು ಗಣರಾಜ್ಯ ಘೋಷಣೆಯಾದಾಗ ಮೊದಲ ಅಧ್ಯಕ್ಷರೂ ಅವರೇ. ಸೇನೆ ಬ್ಯಾರಕ್‌ಗೆ ಮರಳಿ ಸಂಸದೀಯ ಆಡಳಿತ ಬರಲಿ ಎಂದ ಅವರನ್ನು ನಾಸರ್ ಗುಂಪು 1954ರ ನವೆಂಬರ್‌ನಲ್ಲಿ ಇಳಿಸಿ ಗೃಹಬಂಧನದಲ್ಲಿಟ್ಟಿತು. ಬಿಡುಗಡೆ ಸಿಕ್ಕಿದ್ದು ಸಾದತ್ ಕಾಲದಲ್ಲಿ. ಪಠ್ಯಪುಸ್ತಕಗಳಿಂದಲೂ ಅವರ ಹೆಸರು ದಶಕಗಳ ಕಾಲ ಮಾಯವಾಗಿತ್ತು. ನಂತರದ ಎಪ್ಪತ್ತು ವರ್ಷಗಳ ಪ್ರಶ್ನೆಯೆಲ್ಲ ಆ 1954ರ ಜಗಳದಲ್ಲೇ ಅಡಗಿದೆ ಎಂಬುದು ನಮ್ಮ ಅಭಿಪ್ರಾಯ.

ನಾಸರ್ ಅವರ ಭೂಸುಧಾರಣೆ ನಿಜಕ್ಕೂ ಎಷ್ಟು ದೊಡ್ಡದು?

ಈಜಿಪ್ಟಿನ ಅಳತೆ ಫೆದ್ದಾನ್. ಒಂದು ಫೆದ್ದಾನ್ ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಎಕರೆ ಒಂದೂವರೆ ಗುಂಟೆ. 1952ರ ಸೆಪ್ಟೆಂಬರ್‌ನ ಕಾನೂನು ಒಬ್ಬರಿಗೆ 200 ಫೆದ್ದಾನ್ ಮಿತಿ ಹಾಕಿತು. 1961ರಲ್ಲಿ ಅದು 100, 1969ರಲ್ಲಿ 50. ಮರುಹಂಚಿಕೆಯಾದದ್ದು ಒಟ್ಟು ಸಾಗುವಳಿ ಭೂಮಿಯ ಸುಮಾರು ಎಂಟನೇ ಒಂದು ಭಾಗ. ಕುಟುಂಬಕ್ಕೆ ಸಿಕ್ಕಿದ್ದು ಸಾಮಾನ್ಯವಾಗಿ ಎರಡರಿಂದ ಐದು ಫೆದ್ದಾನ್. ಭೂಮಿಯೇ ಇಲ್ಲದ ಕೂಲಿಗಳಲ್ಲಿ ಹೆಚ್ಚಿನವರಿಗೆ ಏನೂ ಸಿಗಲಿಲ್ಲ.

ಹಂಚಿಕೆಗಿಂತ ಹೆಚ್ಚು ಜನರನ್ನು ಮುಟ್ಟಿದ್ದು ಗೇಣಿಯ ಮಿತಿ. ಗೇಣಿ ಭೂಕಂದಾಯದ ಏಳು ಪಟ್ಟು ಮೀರುವಂತಿಲ್ಲ ಎಂದಾಯಿತು, ಗೇಣಿದಾರನನ್ನು ಎಬ್ಬಿಸುವುದು ಕಷ್ಟವಾಯಿತು. ಇದರ ಇನ್ನೊಂದು ಮಗ್ಗುಲು ಸಹಕಾರ ಸಂಘಗಳು. ಭೂಮಿ ಪಡೆದವರು ಕಡ್ಡಾಯವಾಗಿ ಸಂಘ ಸೇರಬೇಕಿತ್ತು, ಹತ್ತಿಯನ್ನು ಸರ್ಕಾರ ಹೇಳಿದ ಕಡಿಮೆ ಬೆಲೆಗೇ ಕೊಡಬೇಕಿತ್ತು. ಜಮೀನ್ದಾರನ ಹಿಡಿತ ಹೋದ ಜಾಗಕ್ಕೆ ಸರ್ಕಾರದ ಹಿಡಿತ ಬಂತು.

ಮುಬಾರಕ್ ಕಾಲದ 1992ರ 96ನೇ ಕಾನೂನು ಇದನ್ನು ತಿರುಗಿಸಿತು. ಗೇಣಿ ಕಂದಾಯದ 22 ಪಟ್ಟಿಗೆ ಏರಿತು. ಐದು ವರ್ಷಗಳ ಗಡುವು ಮುಗಿದು 1997ರ ಅಕ್ಟೋಬರ್‌ನಿಂದ ಎಲ್ಲವೂ ಮಾರುಕಟ್ಟೆಗೆ ಬಿಟ್ಟುಹೋಗಿ, ತಲೆಮಾರಿನಿಂದ ಉಳುತ್ತಿದ್ದ ಲಕ್ಷಾಂತರ ಗೇಣಿದಾರರ ಹಕ್ಕು ಹೋಯಿತು. ನಾಸರ್ ಹಾಗೂ ಮುಬಾರಕ್ ನಡುವಿನ ಅಂತರವನ್ನು ಒಂದೇ ಉದಾಹರಣೆಯಲ್ಲಿ ತೋರಿಸಿ ಎಂದರೆ ನಾವು ಈ ಎರಡು ಕಾನೂನುಗಳನ್ನೇ ಮುಂದಿಡುತ್ತೇವೆ.

ಅಸ್ವಾನ್ ಅಣೆಕಟ್ಟು ಲಾಭವೋ ನಷ್ಟವೋ?

ಅಳತೆಯಿಂದ ಆರಂಭಿಸೋಣ. ಉದ್ದ 3,830 ಮೀಟರ್, ಎತ್ತರ 111 ಮೀಟರ್. ತಲಾ 175 ಮೆಗಾವಾಟ್‌ನ 12 ಟರ್ಬೈನ್, ಒಟ್ಟು 2,100 ಮೆಗಾವಾಟ್. ಜಲಾಶಯದ ಸಾಮರ್ಥ್ಯ 160 ಶತಕೋಟಿ ಘನ ಮೀಟರ್ ಮೀರುತ್ತದೆ, ಅಂದರೆ 5,600 ಟಿಎಂಸಿಗೂ ಹೆಚ್ಚು. ಕೆಆರ್‌ಎಸ್ ಸಾಮರ್ಥ್ಯ ಸುಮಾರು 49 ಟಿಎಂಸಿ ಎಂಬುದನ್ನು ನೆನೆದರೆ ಗಾತ್ರ ಗೊತ್ತಾಗುತ್ತದೆ. ನೈಲ್ ನೀರು ಹಂಚಿಕೆಯ 1959ರ ಒಪ್ಪಂದದಲ್ಲಿ ಈಜಿಪ್ಟಿನ ವಾರ್ಷಿಕ ಪಾಲು 55.5 ಶತಕೋಟಿ ಘನ ಮೀಟರ್, ಸುಡಾನಿನದು 18.5. ಅಂದರೆ ತನ್ನ ಎರಡು ವರ್ಷದ ಪಾಲಿಗಿಂತಲೂ ಹೆಚ್ಚು ನೀರನ್ನು ಈಜಿಪ್ಟ್ ಹಿಡಿದಿಡಬಲ್ಲದು. 1984ರಿಂದ 1988ರವರೆಗೆ, ನೈಲ್ ನೀರಿನ ಹೆಚ್ಚಿನ ಪಾಲು ಬರುವ ಇಥಿಯೋಪಿಯಾದಲ್ಲಿ ಮಳೆ ಕೈಕೊಟ್ಟಾಗ ಈಜಿಪ್ಟ್ ಉಪವಾಸ ಬೀಳಲಿಲ್ಲ. ಅಣೆಕಟ್ಟಿನ ಪರವಾಗಿ ಇದಕ್ಕಿಂತ ಬಲವಾದ ಸಾಕ್ಷಿ ಬೇಡ.

ಕೆಟ್ಟದ್ದು ಏನು, ಯಾಕೆ? ನೈಲ್ ಪ್ರತಿವರ್ಷ ತರುತ್ತಿದ್ದ ಮೆಕ್ಕಲು ಜಲಾಶಯದ ತಳದಲ್ಲೇ ನಿಂತಿತು. ಹೊಲಕ್ಕೆ ರಾಸಾಯನಿಕ ಗೊಬ್ಬರ ಸುರಿಯಬೇಕಾಯಿತು. ನೈಲ್ ಕಡಲು ಸೇರುವ ರೊಸೆಟ್ಟಾದಲ್ಲಿ ಮೆಕ್ಕಲು ಬರದೆ ಕಡಲತೀರ ಕೊರೆದುಹೋಗತೊಡಗಿತು. ಡೆಲ್ಟಾದ ಹೊರಗಿನ ಸಮುದ್ರದಲ್ಲಿ ಸಾರ್ಡೀನ್ ಮೀನುಗಾರಿಕೆ ಕುಸಿಯಿತು. ವರ್ಷಪೂರ್ತಿ ನೀರು ಹಾಯಿಸಿದ್ದರಿಂದ ಅಂತರ್ಜಲ ಮೇಲೇರಿ ಹೊಲಗಳಲ್ಲಿ ಉಪ್ಪು ಕೂತಿತು. ಅದನ್ನು ಹೊರಹಾಕಲು ಎಪ್ಪತ್ತರ ದಶಕದಿಂದ ನೆಲದಡಿಯ ಬಸಿಗಾಲುವೆ ಕೊಳವೆಗಳನ್ನು ಹೂಳುತ್ತಾ ಹೋಗಬೇಕಾಯಿತು. ಈ ಖರ್ಚು ಬಿದ್ದದ್ದು ಸಾದತ್, ಮುಬಾರಕ್ ಸರ್ಕಾರಗಳ ಮೇಲೆ.

ಎಲ್ಲಕ್ಕಿಂತ ನೋವಿನದು ಜಲಾಶಯದಲ್ಲಿ ಮುಳುಗಿದ ಹಳ್ಳಿಗಳ ನೂಬಿಯನ್ನರ ಕಥೆ. 1963–64ರಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೊಮ್ ಒಂಬೊ ಕಡೆಗೆ ಸಾಗಿಸಿದರು. ಅಬು ಸಿಂಬೆಲ್ ದೇಗುಲವನ್ನು ತುಂಡು ತುಂಡಾಗಿ ಕತ್ತರಿಸಿ ಎತ್ತರದಲ್ಲಿ ಮರುಜೋಡಿಸಲು ಜಗತ್ತೇ ಹಣ ಕೊಟ್ಟಿತು. ಹೊಳೆದಂಡೆಯ ಹಳ್ಳಿಗಳನ್ನು ಯಾರೂ ಮರುಜೋಡಿಸಲಿಲ್ಲ. ಮರಳುವ ಹಕ್ಕಿನ ಬೇಡಿಕೆ ಇಂದಿಗೂ ಜೀವಂತ.

ಸೂಯೆಜ್ ಕಾಲುವೆಯ ಕೀರ್ತಿ ಯಾರಿಗೆ?

ಮೂವರ ಮೂರು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಿ.

ನಾಸರ್ 1956ರ ಜುಲೈ 26ರಂದು ಅಲೆಕ್ಸಾಂಡ್ರಿಯದ ಭಾಷಣದಲ್ಲಿ ರಾಷ್ಟ್ರೀಕರಣ ಘೋಷಿಸಿದರು. ಕಾಲುವೆ ತೋಡಿಸಿದ 'ಡಿ ಲೆಸೆಪ್ಸ್' ಹೆಸರನ್ನು ಭಾಷಣದಲ್ಲಿ ಉಚ್ಚರಿಸಿದ್ದೇ ಕಚೇರಿಗಳನ್ನು ವಶಪಡಿಸಿಕೊಳ್ಳಲು ಸಂಕೇತ. ಒಂದು ವಾರದ ಹಿಂದೆಯಷ್ಟೇ ಅಮೆರಿಕ ಅಣೆಕಟ್ಟಿನ ನೆರವು ಹಿಂತೆಗೆದಿತ್ತು. ಅಕ್ಟೋಬರ್ 29ರಿಂದ ಇಸ್ರೇಲ್, ಬ್ರಿಟನ್, ಫ್ರಾನ್ಸ್ ದಾಳಿ ಮಾಡಿದವು. ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ವಿರೋಧಿಸಿದ್ದರಿಂದ ಹಿಂದೆ ಸರಿದವು. ಬಹಳ ಜನ ಮರೆಯುವ ಸಂಗತಿಯೊಂದಿದೆ: ನಾಸರ್ ಷೇರುದಾರರಿಗೆ ಪರಿಹಾರ ಕೊಟ್ಟರು. 1958ರ ಒಪ್ಪಂದದಂತೆ 2.83 ಕೋಟಿ ಈಜಿಪ್ಟ್ ಪೌಂಡ್. 1963ರ ಆರಂಭಕ್ಕೆ ಪೂರ್ತಿ ಚುಕ್ತಾ ಆಯಿತು. 1967ರಲ್ಲಿ ಅದೇ ಕಾಲುವೆ ಯುದ್ಧದ ಗಡಿಯಾಗಿ ಮುಚ್ಚಿಹೋದದ್ದೂ ಅವರ ಕಾಲದಲ್ಲೇ.

ಸಾದತ್ 1975ರ ಜೂನ್ 5ರಂದು, ಎಂಟು ವರ್ಷಗಳ ನಂತರ, ಅದನ್ನು ಮತ್ತೆ ತೆರೆದರು.

ಸಿಸಿ 2015ರ ಆಗಸ್ಟ್ 6ರಂದು ವಿಸ್ತರಣೆ ಉದ್ಘಾಟಿಸಿದರು. 'ಹೊಸ ಕಾಲುವೆ' ಎಂಬ ಹೆಸರಿನಿಂದ ಗೊಂದಲ ಬೇಡ: ಹೊಸದಾಗಿ ತೋಡಿದ್ದು 35 ಕಿ.ಮೀ., ಆಳ-ಅಗಲ ಮಾಡಿದ್ದು 37 ಕಿ.ಮೀ. ಜನ ಎಂಟೇ ದಿನಗಳಲ್ಲಿ 6,400 ಕೋಟಿ ಪೌಂಡ್ ಮೌಲ್ಯದ ಹೂಡಿಕೆ ಪತ್ರ ಕೊಂಡರು, ಬಡ್ಡಿ ಶೇ 12. 2023ಕ್ಕೆ ವಾರ್ಷಿಕ ವರಮಾನ 1,320 ಕೋಟಿ ಡಾಲರ್ ಆಗಲಿದೆ ಎಂದು ಅಧಿಕಾರಿಗಳು ಹೇಳಿದ್ದರು. ಬಂದದ್ದು ಸುಮಾರು 1,025 ಕೋಟಿ. ಕೆಂಪು ಸಮುದ್ರದಲ್ಲಿ ಯೆಮೆನಿನ ಹೌತಿ ಬಂಡುಕೋರರ ದಾಳಿಗೆ ಹೆದರಿ ಹಡಗುಗಳು ಆಫ್ರಿಕಾ ಸುತ್ತಿ ಹೋದದ್ದರಿಂದ 2024ರಲ್ಲಿ ಅದು ಸುಮಾರು 400 ಕೋಟಿಗೆ ಇಳಿಯಿತು. ಈ ಇಳಿಕೆಗೆ ಸಿಸಿ ಹೊಣೆಯಲ್ಲ. ಆದರೆ ವಿಶ್ವ ವ್ಯಾಪಾರದ ಗತಿ ನೋಡದೆ ಹಾಕಿದ ಅಂದಾಜಿಗೆ ಅವರ ಸರ್ಕಾರವೇ ಹೊಣೆ.

1967ರ ಯುದ್ಧದಲ್ಲಿ ಸೋತ ನಾಸರ್ ಸತ್ತಾಗ ಜನ ಅತ್ತರು, 1973ರ ಯುದ್ಧ ನಡೆಸಿದ ಸಾದತ್ ಸತ್ತಾಗ ಅಷ್ಟು ಅಳಲಿಲ್ಲ. ಯಾಕೆ?

1967ರ ಜೂನ್ 5ರ ಬೆಳಿಗ್ಗೆ ಇಸ್ರೇಲ್ ದಾಳಿಗೆ ಈಜಿಪ್ಟಿನ ವಾಯುಪಡೆ ನೆಲದ ಮೇಲೇ ನಾಶವಾಯಿತು. ಸೇನೆಯ ದೊಡ್ಡ ಭಾಗ ಆಗ ಯೆಮೆನ್ ಯುದ್ಧದಲ್ಲಿ ಸಿಕ್ಕಿಕೊಂಡಿತ್ತು. ಜೂನ್ 9ರಂದು ನಾಸರ್ ರಾಜೀನಾಮೆ ಘೋಷಿಸಿದಾಗ ಬೀದಿಗೆ ಬಂದ ಜನ ಅವರನ್ನು ವಾಪಸು ಕರೆತಂದರು. ಅವರಿಂದ ಭೂಮಿ, 1962ರಿಂದ ಉಚಿತ ವಿಶ್ವವಿದ್ಯಾಲಯ ಶಿಕ್ಷಣ, ಪದವೀಧರರಿಗೆ ಸರ್ಕಾರಿ ನೌಕರಿಯ ಭರವಸೆ ಪಡೆದ ತಲೆಮಾರು ಅದು. ಸೋಲಿನ ಹೊಣೆಯನ್ನು ನಾಸರ್ ಬಾಯಿಬಿಟ್ಟು ಒಪ್ಪಿಕೊಂಡದ್ದೂ ಒಂದು ಕಾರಣ.

1973ರ ಅಕ್ಟೋಬರ್ 6ರಂದು ಸೇನೆ ಕಾಲುವೆ ದಾಟಿತು. ಇಸ್ರೇಲ್ ಎಬ್ಬಿಸಿದ್ದ ಮರಳಿನ ದಿಬ್ಬವನ್ನು ಹೆಚ್ಚಿನ ಒತ್ತಡದ ನೀರಿನ ಪಂಪ್‌ಗಳಿಂದ ಕೊಚ್ಚಿ ದಾರಿ ಮಾಡಿದರು. ಹತ್ತು ದಿನದಲ್ಲಿ ಇಸ್ರೇಲಿ ಪಡೆ ಕಾಲುವೆಯ ಪಶ್ಚಿಮ ದಡಕ್ಕೆ ದಾಟಿತು, ಮುಂದೆ ಈಜಿಪ್ಟಿನ ಮೂರನೇ ಸೇನೆಯನ್ನು ಸುತ್ತುವರಿಯಿತು. ರಣರಂಗದಲ್ಲಿ ಪೂರ್ಣ ಗೆಲುವಿರಲಿಲ್ಲ. ಸೈನಾಯ್ ವಾಪಸು ತಂದ ರಾಜಕೀಯ ಗೆಲುವು ಇತ್ತು. ಆ ಸೇನೆಯನ್ನು ಸೋಲಿನ ಬೂದಿಯಿಂದ ಮತ್ತೆ ಕಟ್ಟಿದ್ದು, 1970ರಲ್ಲಿ ಕಾಲುವೆಯುದ್ದಕ್ಕೂ ಕ್ಷಿಪಣಿಗಳ ಸಾಲು ನಿಲ್ಲಿಸಿದ್ದು ನಾಸರ್ ಎಂಬುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ದಾಟುವಿಕೆಯ ಯೋಜನೆ ನಡೆಸಿದ ದಂಡನಾಯಕ ಸಾದ್ ಅಲ್ ಶಾಜ್ಲಿಯನ್ನು ಸಾದತ್ ಹುದ್ದೆಯಿಂದ ತೆಗೆದರು. ಮುಬಾರಕ್ ಕಾಲದ ಅಧಿಕೃತ ಕಥೆಯಲ್ಲಿ ವಾಯುಪಡೆ ಮುಖ್ಯಸ್ಥರಾಗಿದ್ದ ಮುಬಾರಕ್ ಪಾತ್ರ ದೊಡ್ಡದಾಯಿತು, ಶಾಜ್ಲಿ ಹೆಸರು ಅಳಿಸಿಹೋಯಿತು. ಅವರು ತೀರಿಕೊಂಡದ್ದು 2011ರ ಫೆಬ್ರವರಿ 10ರಂದು, ಮುಬಾರಕ್ ಇಳಿಯುವ ಹಿಂದಿನ ದಿನ.

ಸಾದತ್ ಅವರ ಶಾಂತಿ ಒಪ್ಪಂದವನ್ನು ಹೇಗೆ ಅಳೆಯಬೇಕು?

1977ರ ನವೆಂಬರ್‌ನಲ್ಲಿ ಜೆರುಸಲೇಮ್ ಭೇಟಿ, 1978ರ ಸೆಪ್ಟೆಂಬರ್ 17ರಂದು ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ಒಡಂಬಡಿಕೆ, 1979ರ ಮಾರ್ಚ್ 26ರಂದು ಇಸ್ರೇಲ್ ಜೊತೆ ಶಾಂತಿ ಒಪ್ಪಂದ. ಗಳಿಸಿದ್ದು ಸೈನಾಯ್, ಯುದ್ಧದಿಂದ ಬಿಡುಗಡೆ, ಅಮೆರಿಕದ ನೆರವು. ಕಳೆದುಕೊಂಡದ್ದು ಅರಬ್ ಜಗತ್ತಿನ ನಾಯಕತ್ವ: ಅರಬ್ ಲೀಗ್ ಈಜಿಪ್ಟನ್ನು ಅಮಾನತು ಮಾಡಿ ಕೇಂದ್ರ ಕಚೇರಿಯನ್ನು ಟ್ಯುನಿಸ್‌ಗೆ ಒಯ್ದಿತು, ಹತ್ತು ವರ್ಷ ಹೊರಗಿಟ್ಟಿತು. ಪ್ಯಾಲೆಸ್ಟೀನಿಯರ ಪ್ರಶ್ನೆ ಒಪ್ಪಂದದ ಬರಹದಲ್ಲಿ ಉಳಿಯಿತೇ ಹೊರತು ಜಾರಿಗೆ ಬರಲಿಲ್ಲ. ನಂತರ ಬಂದ ಯಾವ ಅಧ್ಯಕ್ಷರೂ, ಇಸ್ಲಾಮಿಕ್ ಸಂಘಟನೆ ಮುಸ್ಲಿಂ ಬ್ರದರ್‌ಹುಡ್‌ನ ಮೊರ್ಸಿ ಕೂಡ, ಇದನ್ನು ಮುರಿಯಲಿಲ್ಲ. ಬಾಳಿಕೆಯ ದೃಷ್ಟಿಯಲ್ಲಿ ಆರು ಮಂದಿಯಲ್ಲಿ ಯಾರೂ ಇದಕ್ಕಿಂತ ಗಟ್ಟಿಯಾದ ಒಪ್ಪಂದ ಮಾಡಿಲ್ಲ.

ಆದರೆ ಸಾದತ್ ಎಂದರೆ ಶಾಂತಿ ಮಾತ್ರ ಎನ್ನಬೇಡಿ. 1980ರಲ್ಲಿ ಸಂವಿಧಾನ ತಿದ್ದಿ ಅಧ್ಯಕ್ಷರ ಅವಧಿ ಮಿತಿ ತೆಗೆದವರು ಅವರೇ. ಅದರ ಪೂರ್ಣ ಲಾಭ ಸಿಕ್ಕಿದ್ದು ಮುಬಾರಕ್‌ಗೆ. 1981ರ ಸೆಪ್ಟೆಂಬರ್‌ನಲ್ಲಿ 1,500ಕ್ಕೂ ಹೆಚ್ಚು ವಿರೋಧಿಗಳನ್ನು ಬಂಧಿಸಿದರು, ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ಧರ್ಮಗುರು ಪೋಪ್ ಶೆನೂದಾರನ್ನು ಮಠದಲ್ಲಿ ಕೂಡಿಹಾಕಿದರು. ಮುಂದಿನ ತಿಂಗಳ 6ರಂದು, ವಿಜಯೋತ್ಸವದ ಪಥಸಂಚಲನದಲ್ಲೇ, ಸೈನಿಕರ ಗುಂಡಿಗೆ ಬಲಿಯಾದರು.

ಈಜಿಪ್ಟಿನ ರಾಜಕೀಯದಲ್ಲಿ ರೊಟ್ಟಿಗೆ ಯಾಕೆ ಅಷ್ಟು ಮಹತ್ವ?

ಈಜಿಪ್ಟಿನ ಅರಬ್ಬಿಯಲ್ಲಿ ರೊಟ್ಟಿಗೆ 'ಐಶ್' ಎನ್ನುತ್ತಾರೆ. ಆ ಪದದ ಮೂಲ ಅರ್ಥವೇ ಬದುಕು. ಸಬ್ಸಿಡಿಯಲ್ಲಿ ಸಿಗುವ 'ಬಲದಿ' (ಅಂದರೆ ನಾಡಿನ) ರೊಟ್ಟಿ ಕೋಟ್ಯಂತರ ಮನೆಗಳ ದಿನದ ಊಟ. ಜಗತ್ತಿನ ಅತಿ ದೊಡ್ಡ ಗೋಧಿ ಆಮದುದಾರ ದೇಶಗಳಲ್ಲಿ ಈಜಿಪ್ಟ್ ಒಂದಾದ್ದರಿಂದ ಹೊರಗಿನ ಬೆಲೆ ಏರಿದಾಗಲೆಲ್ಲ ಖಜಾನೆ ನಡುಗುತ್ತದೆ.

ಸಾದತ್ 1974ರಲ್ಲಿ 'ಇನ್‌ಫಿತಾಹ್' ಹೆಸರಿನಲ್ಲಿ ಆರ್ಥಿಕತೆಯನ್ನು ತೆರೆದರು. 1977ರ ಜನವರಿಯಲ್ಲಿ ಸಾಲ ಕೊಡುವವರ ಒತ್ತಾಯಕ್ಕೆ ಸಬ್ಸಿಡಿ ಕತ್ತರಿಸಿದಾಗ 18, 19ರಂದು ಅಸ್ವಾನ್‌ನಿಂದ ಅಲೆಕ್ಸಾಂಡ್ರಿಯದವರೆಗೆ ಜನ ಎದ್ದರು. ಸುಮಾರು 80 ಮಂದಿ ಸತ್ತರು. ಸೇನೆ ಇಳಿಸಿ, ಆದೇಶ ಹಿಂತೆಗೆದುಕೊಂಡ ಮೇಲೆ ಶಾಂತವಾಯಿತು. ತಪ್ಪಾದದ್ದು ಎಲ್ಲಿ? ಹಲವು ಅಗತ್ಯ ವಸ್ತುಗಳ ಬೆಲೆಯನ್ನು ಒಂದೇ ರಾತ್ರಿ ಏರಿಸಿದ್ದು, ಬಡವರ ಕೈಗೆ ಬದಲಿಯಾಗಿ ಏನನ್ನೂ ಕೊಡದಿದ್ದದ್ದು.

ಮುಬಾರಕ್ ಇದರಿಂದ ಕಲಿತರು. ಬೆಲೆಯನ್ನು ನಿಧಾನವಾಗಿ, ಗಲಾಟೆಯಿಲ್ಲದೆ ಏರಿಸಿ ಎಂಬತ್ತರ ದಶಕದ ಕೊನೆಗೆ 5 ಪಿಯಾಸ್ಟರ್‌ಗೆ ತಂದು ಅಲ್ಲೇ ನಿಲ್ಲಿಸಿದರು. ನೂರು ಪಿಯಾಸ್ಟರ್ ಸೇರಿದರೆ ಒಂದು ಪೌಂಡ್. ಬೆಲೆ ಹಾಗೇ ಇತ್ತು, ಗುಣಮಟ್ಟ ಇಳಿಯಿತು, ಸಬ್ಸಿಡಿ ಹಿಟ್ಟು ಕಾಳಸಂತೆಗೆ ಹರಿಯಿತು, 2008ರಲ್ಲಿ ಉದ್ದುದ್ದ ಸಾಲುಗಳು ನಿಂತವು. ಮುಬಾರಕ್ ಅವರನ್ನು ಇಳಿಸಿದ 2011ರ ಜನದಂಗೆಯಲ್ಲಿ ಚೌಕಗಳಲ್ಲಿ ಕೂಗಿದ ಘೋಷಣೆಯ ಮೊದಲ ಪದವೇ ಐಶ್: ರೊಟ್ಟಿ, ಸ್ವಾತಂತ್ರ್ಯ, ಸಾಮಾಜಿಕ ನ್ಯಾಯ.

2014ರಿಂದ ರೊಟ್ಟಿಗೆ ಸ್ಮಾರ್ಟ್ ಕಾರ್ಡ್ ಬಂತು, ತಲೆಗೆ ದಿನಕ್ಕೆ ಐದು ರೊಟ್ಟಿ. ಸಬ್ಸಿಡಿ ಹಿಟ್ಟಿನ ಬದಲು ಮಾರಿದ ರೊಟ್ಟಿಯ ಲೆಕ್ಕಕ್ಕೆ ಸಿಗತೊಡಗಿದ್ದರಿಂದ ಸೋರಿಕೆ ತಗ್ಗಿತು. ಇದು ಒಳ್ಳೆಯ ಸುಧಾರಣೆ. 2020ರಲ್ಲಿ ರೊಟ್ಟಿಯ ತೂಕ 90 ಗ್ರಾಂಗೆ ಇಳಿಯಿತು. 2024ರ ಜೂನ್ 1ರಂದು ಬೆಲೆ 5ರಿಂದ 20 ಪಿಯಾಸ್ಟರ್‌ಗೆ ಏರಿತು. 1977ರಂಥ ದಂಗೆ ಆಗಲಿಲ್ಲ. ಕಾರ್ಡು ವ್ಯವಸ್ಥೆ ಒಂದು ಕಾರಣ. ಬೀದಿಗಿಳಿಯುವುದಕ್ಕೇ ಅವಕಾಶವಿಲ್ಲದ ಪರಿಸ್ಥಿತಿ ಇನ್ನೊಂದು.

ಮುಬಾರಕ್ ಅವರ ಮೂವತ್ತು ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲವೇ?

ಇದೆ. 1987ರಲ್ಲಿ ಆಫ್ರಿಕಾದ ಮೊದಲ ಮೆಟ್ರೊ ಕೈರೊದಲ್ಲಿ ಓಡಿತು. ಇಸ್ರೇಲ್ ಬಿಟ್ಟುಕೊಡದೆ ಉಳಿಸಿಕೊಂಡಿದ್ದ ತಾಬಾ ಪಟ್ಟಣವನ್ನು ಗುಂಡು ಹಾರಿಸದೆ, ಅಂತರರಾಷ್ಟ್ರೀಯ ಪಂಚಾಯ್ತಿಯ ಮೂಲಕ 1989ರಲ್ಲಿ ವಾಪಸು ಪಡೆದರು. 1991ರ ಕೊಲ್ಲಿ ಯುದ್ಧದಲ್ಲಿ ಕುವೈತ್ ಪರ ನಿಂತು ವಿದೇಶಿ ಸಾಲದ ದೊಡ್ಡ ಭಾಗ ಮನ್ನಾ ಮಾಡಿಸಿಕೊಂಡರು. 2006–08ರಲ್ಲಿ ಆರ್ಥಿಕ ಬೆಳವಣಿಗೆ ಶೇ 7ರ ಆಸುಪಾಸಿತ್ತು.

ಇನ್ನೊಂದು ತಟ್ಟೆಯಲ್ಲಿ, ಅವರ ಇಡೀ ಆಡಳಿತ ತುರ್ತು ಪರಿಸ್ಥಿತಿ ಕಾನೂನಿನ ಕೆಳಗೇ ನಡೆಯಿತು. ಬೆಳವಣಿಗೆಯ ಫಲ ಕೆಲವರಿಗೆ ಸಿಕ್ಕಿತು, ಮಗ ಗಮಾಲ್ ಉತ್ತರಾಧಿಕಾರಿಯಾಗುತ್ತಾರೆಂಬ ಸಿಟ್ಟು ಸೇನೆಯೊಳಗೂ ಇತ್ತು. 2010ರ ಸಂಸತ್ ಚುನಾವಣೆಯಲ್ಲಿ ವಿರೋಧವನ್ನು ಪೂರ್ತಿ ಒರೆಸಿಹಾಕಿದ್ದು ಕೊನೆಯ ತಪ್ಪು. 2011ರ ದಂಗೆಯ ಹದಿನೆಂಟು ದಿನಗಳಲ್ಲಿ 846 ಮಂದಿ ಸತ್ತರೆಂದು ಅಧಿಕೃತ ತನಿಖಾ ಆಯೋಗ ಹೇಳಿತು.

ಮೊರ್ಸಿ ಒಂದೇ ವರ್ಷ ಆಳಿದವರು. ಅವರನ್ನು ಹೋಲಿಸುವುದು ನ್ಯಾಯವೇ?

ಆರ್ಥಿಕ ಅಂಕಿಗಳಲ್ಲಿ ಹೋಲಿಸಬೇಡಿ. ಹನ್ನೆರಡು ತಿಂಗಳಲ್ಲಿ ಯಾವ ನೀತಿಯೂ ಫಲ ಕೊಡದು. ಅವರನ್ನು ನೋಡಬೇಕಾದದ್ದು ಎರಡು ದಿನಾಂಕಗಳಲ್ಲಿ. 2012ರ ಜೂನ್‌ನಲ್ಲಿ ಶೇ 51.73 ಮತ ಪಡೆದು ನಿಜವಾದ ಪೈಪೋಟಿಯ ಚುನಾವಣೆಯಲ್ಲಿ ಗೆದ್ದರು. ನವೆಂಬರ್ 22ರಂದು ತಮ್ಮ ಆದೇಶಗಳನ್ನು ನ್ಯಾಯಾಲಯ ಪ್ರಶ್ನಿಸುವಂತಿಲ್ಲ ಎಂದು ಘೋಷಿಸಿ, ಜೊತೆಗಿದ್ದ ಉದಾರವಾದಿಗಳನ್ನೂ ದೂರ ಮಾಡಿಕೊಂಡರು. ಮೂರನೇ ಒಂದು ಭಾಗ ಮತದಾರರಷ್ಟೇ ಬಂದ ಜನಮತಗಣನೆಯಲ್ಲಿ ಸಂವಿಧಾನ ಪಾಸು ಮಾಡಿಸಿದರು. 2013ರ ಜುಲೈ 3ರಂದು ಸೇನೆ ಇಳಿಸಿತು. 2019ರ ಜೂನ್‌ನಲ್ಲಿ ನ್ಯಾಯಾಲಯದಲ್ಲೇ ಕುಸಿದು ತೀರಿಕೊಂಡರು.

ಸಿಸಿ ಕಾಲವನ್ನು ಈಗಲೇ ತೂಗಬಹುದೇ?

ಅರ್ಧ ಮಾತ್ರ. 2018ರಲ್ಲಿ ಶುರುವಾದ ಹೆಪಟೈಟಿಸ್ ಸಿ ತಪಾಸಣೆ ಅಭಿಯಾನ ಅವರ ಕಾಲದ ಅತ್ಯುತ್ತಮ ಕೆಲಸ ಎಂದು ನಾವು ಎಣಿಸುತ್ತೇವೆ. ಜಗತ್ತಿನಲ್ಲೇ ಅತಿ ಹೆಚ್ಚು ಸೋಂಕಿದ್ದ ದೇಶಗಳಲ್ಲಿ ಒಂದಾದ ಈಜಿಪ್ಟ್, ಕೋಟಿಗಟ್ಟಲೆ ಜನರನ್ನು ಪರೀಕ್ಷಿಸಿ ಉಚಿತ ಔಷಧ ಕೊಟ್ಟು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆಯಿತು.

ಸಾಲದ ಕಥೆ ಬೇರೆ. ವಿದೇಶಿ ಸಾಲ 2014ರ ಮಧ್ಯದಲ್ಲಿ ಸುಮಾರು 4,600 ಕೋಟಿ ಡಾಲರ್ ಇದ್ದದ್ದು 2023ರ ಮಧ್ಯಕ್ಕೆ ಸುಮಾರು 16,500 ಕೋಟಿ. 2016ರ ನವೆಂಬರ್‌ಗೆ ಮುನ್ನ ಡಾಲರಿಗೆ 8.8 ಪೌಂಡ್ ಇತ್ತು. 2024ರ ಮಾರ್ಚ್‌ನಲ್ಲಿ ಸುಮಾರು 50. 2023ರ ಸೆಪ್ಟೆಂಬರ್‌ನಲ್ಲಿ ನಗರ ಪ್ರದೇಶದ ಹಣದುಬ್ಬರ ಶೇ 38 ಮುಟ್ಟಿತು. ಕೈರೊದ ಪೂರ್ವಕ್ಕೆ ಮರಳುಗಾಡಿನಲ್ಲಿ ಹೊಸ ಆಡಳಿತ ರಾಜಧಾನಿ ಎದ್ದಿದೆ. 2013ರ ಆಗಸ್ಟ್ 14ರಂದು ಕೈರೊದ ರಾಬಾ ಚೌಕದಲ್ಲಿ, ಸಿಸಿ ರಕ್ಷಣಾ ಸಚಿವರಾಗಿದ್ದಾಗ, ಮೊರ್ಸಿ ಪರ ಧರಣಿ ಕೂತಿದ್ದವರಲ್ಲಿ ಕನಿಷ್ಠ 817 ಮಂದಿಯನ್ನು ಕೊಲ್ಲಲಾಯಿತೆಂದು ಹ್ಯೂಮನ್ ರೈಟ್ಸ್ ವಾಚ್ ದಾಖಲಿಸಿದೆ. ಯಾವ ಹೋಲಿಕೆಯೂ ಈ ದಿನವನ್ನು ದಾಟಿ ಹೋಗುವಂತಿಲ್ಲ.

ಚುನಾವಣಾ ಶೇಕಡಾವಾರುಗಳನ್ನು ಜನಪ್ರಿಯತೆಯ ಅಳತೆ ಎಂದುಕೊಳ್ಳಬಹುದೇ?

ಬೇಡ. 2005ರವರೆಗೆ ಸ್ಪರ್ಧೆಯೇ ಇರಲಿಲ್ಲ; ಒಬ್ಬರೇ ಅಭ್ಯರ್ಥಿಗೆ ಹೌದು-ಅಲ್ಲ ಎನ್ನುವ ಜನಮತಗಣನೆ. 1956ರಲ್ಲಿ ನಾಸರ್‌ಗೆ ಬಂದ ಶೇ 99.9 ಅಂಥದ್ದು. 2018ರಲ್ಲಿ ಸಿಸಿಗೆ ಶೇ 97 ಬಂತು, ಆದರೆ ಎದುರಾಳಿಗೆ ಬಿದ್ದ ಮತಗಳಿಗಿಂತ ಅಸಿಂಧು ಮತಗಳೇ ಹೆಚ್ಚು. ಗೆದ್ದ ಶೇಕಡಾವಾರು ನೋಡುವ ಮೊದಲು ಮತದಾನ ಎಷ್ಟಾಯಿತು, ಕಣಕ್ಕಿಳಿಯಲು ಯಾರನ್ನು ಬಿಟ್ಟರು ಎಂದು ನೋಡಿ.

ಅಂಕಿ ಹೋಲಿಸುವಾಗ ಇನ್ನೇನು ತಪ್ಪಾಗುತ್ತದೆ?

ಒಂದು, ಜನಸಂಖ್ಯೆ. 1952ರಲ್ಲಿ ಎರಡು ಕೋಟಿಗಿಂತ ತುಸು ಹೆಚ್ಚಿದ್ದದ್ದು 2020ರ ಫೆಬ್ರವರಿಯಲ್ಲಿ ಹತ್ತು ಕೋಟಿ ಮುಟ್ಟಿತು. ಒಟ್ಟು ಮೊತ್ತಗಳನ್ನು ತಲಾ ಲೆಕ್ಕಕ್ಕೆ ಇಳಿಸದೆ ಮುಂದೆ ಹೋಗಬೇಡಿ. ಎರಡು, ಹಣಕಾಸು ವರ್ಷ ಜುಲೈ 1ಕ್ಕೆ ಶುರು. ಕಾಲುವೆ ವರಮಾನವನ್ನು ಕೆಲವರು ಹಣಕಾಸು ವರ್ಷಕ್ಕೆ, ಕೆಲವರು ಕ್ಯಾಲೆಂಡರ್ ವರ್ಷಕ್ಕೆ ಕೊಡುತ್ತಾರೆ. ಮೂರು, ಪೌಂಡ್ ಬೆಲೆ ಬಿದ್ದ ವರ್ಷ ಡಾಲರ್ ಲೆಕ್ಕದ ರಾಷ್ಟ್ರೀಯ ವರಮಾನ ಕುಸಿದಂತೆಯೂ ಪೌಂಡ್ ಲೆಕ್ಕದ್ದು ಜಿಗಿದಂತೆಯೂ ಕಾಣುತ್ತದೆ. ಎರಡನ್ನೂ ಬಿಟ್ಟು ಸ್ಥಿರ ಬೆಲೆಯ ಅಂಕಿ ಹಿಡಿಯಿರಿ.

ಸೇನೆ ಅಷ್ಟು ಬಲವಾದದ್ದು ಯಾರ ಕಾಲದಲ್ಲಿ?

ಎಲ್ಲರ ಕಾಲದಲ್ಲೂ. ಆರು ಮಂದಿಯಲ್ಲಿ ಐವರು ಸೇನೆಯವರು. ಆದರೆ ಸೇನೆ ವ್ಯಾಪಾರಕ್ಕೆ ಗಟ್ಟಿಯಾಗಿ ಇಳಿದದ್ದು ಸಾದತ್ 1979ರಲ್ಲಿ ರಾಷ್ಟ್ರೀಯ ಸೇವಾ ಯೋಜನೆಗಳ ಸಂಸ್ಥೆ ಸ್ಥಾಪಿಸಿದ ಮೇಲೆ. ಯುದ್ಧವಿಲ್ಲದ ಸೇನೆಗೆ ಕೆಲಸ ಬೇಕಿತ್ತು. ಮುಬಾರಕ್ ಕಾಲದಲ್ಲಿ ಅದು ಬೆಳೆಯಿತು, ಸಿಸಿ ಕಾಲದಲ್ಲಿ ರಸ್ತೆ, ಸಿಮೆಂಟ್, ಆಹಾರ ಎಲ್ಲದಕ್ಕೂ ಹಬ್ಬಿತು. 1987ರಿಂದ ಅಮೆರಿಕ ಕೊಡುತ್ತಾ ಬಂದಿರುವ ವರ್ಷಕ್ಕೆ 130 ಕೋಟಿ ಡಾಲರ್ ಸೇನಾ ನೆರವು ಇದಕ್ಕೆ ಹೊರತಾದದ್ದು.

ಭಾರತದ ಜೊತೆ ಯಾರ ಸಂಬಂಧ ಹೆಚ್ಚು ಗಟ್ಟಿ?

ನಾಸರ್ ಅವರದು. 1955ರಲ್ಲಿ ಸ್ನೇಹ ಒಪ್ಪಂದ, 1956ರ ಜುಲೈನಲ್ಲಿ ಯುಗೊಸ್ಲಾವಿಯದ ಬ್ರಿಯೊನಿಯಲ್ಲಿ ನೆಹರೂ ಹಾಗೂ ಅಲ್ಲಿನ ಅಧ್ಯಕ್ಷ ಟಿಟೊ ಜೊತೆ ಮಾತುಕತೆ, 1961ರಲ್ಲಿ ಬೆಲ್‌ಗ್ರೇಡ್‌ನ ಅಲಿಪ್ತ ಶೃಂಗಸಭೆ. ಬೆಂಗಳೂರಿಗೂ ಇದರಲ್ಲೊಂದು ಎಳೆ ಇದೆ. ಎಚ್‌ಎಎಲ್ ಕಟ್ಟಿದ ಮರುತ್ ಯುದ್ಧವಿಮಾನವನ್ನು ವಿನ್ಯಾಸ ಮಾಡಿದ ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್‌ನಂತೆಯೇ ಈಜಿಪ್ಟಿನಲ್ಲೂ ಯುರೋಪಿನ ತಂತ್ರಜ್ಞರು ಎಚ್‌ಎ-300 ಎಂಬ ವಿಮಾನ ಮತ್ತು ಅದಕ್ಕೆ ಇ-300 ಎಂಜಿನ್ ಕಟ್ಟುತ್ತಿದ್ದರು. ಮರುತ್‌ಗೆ ಬಲವಾದ ಎಂಜಿನ್ ಬೇಕಿತ್ತು, ಈಜಿಪ್ಟಿಗೆ ಪರೀಕ್ಷೆಯ ವಿಮಾನ ಬೇಕಿತ್ತು. 1964ರ ಮಾರ್ಚ್ 7ರಂದು ಹೆಲ್ವಾನ್‌ನಲ್ಲಿ ಎಚ್‌ಎ-300ರ ಮೊದಲ ಹಾರಾಟ ನಡೆಸಿದವರು ಭಾರತೀಯ ವಾಯುಪಡೆಯ ಕಪಿಲ್ ಭಾರ್ಗವ. ಮರುತ್ ಒಂದನ್ನು ಈಜಿಪ್ಟಿಗೆ ಕಳಿಸಿ ಆ ಎಂಜಿನ್ ಜೋಡಿಸಿ ಹಾರಿಸಿಯೂ ನೋಡಿದರು. 1967ರ ಸೋಲಿನ ನಂತರ ಹಣ ಒಣಗಿ 1969ರಲ್ಲಿ ಯೋಜನೆ ನಿಂತಿತು, ಮರುತ್ ಕೊನೆಯವರೆಗೂ ಶಕ್ತಿ ಸಾಲದ ಎಂಜಿನ್‌ನಲ್ಲೇ ಹಾರಿತು.